ಮುಂಚೆ ಹೊರಡುವ ಕೈ

"ಇನ್ನೂ ಒತ್ತು. ಹೀಗೆ ಮುದ್ದು ಮಾಡಿದ್ರೆ ಕೂರಲ್ಲ ಅದು."

"ಮುರಿದುಹೋದ್ರೆ?"

"ಹೋದ್ರೆ ಹೋಯ್ತು. ಒತ್ತೇ!"

ಗುಬ್ಬಿ ಎರಡೂ ಹೆಬ್ಬೆರಳಿಟ್ಟು ಒತ್ತಿದಳು. ಹಸಿರು ಬಣ್ಣದ ರ‍್ಯಾಮ್ ಪಟ್ಟಿ ಓರೆಯಾಗಿ ಸೀಳಿನೊಳಕ್ಕೆ ಜಾರಿ, ಬಾಗಿ, ಮಲಗಿತು. ಅಕ್ಕಪಕ್ಕದ ಪುಟ್ಟ ಕೊಂಡಿಗಳು ಟಕ್ಕೆಂದು ಅದನ್ನು ಕಚ್ಚಿಕೊಂಡವು. ಲ್ಯಾಪ್‌ಟಾಪು ತಳದ ಮುಚ್ಚಳವಿಲ್ಲದೆ, ಹೊಟ್ಟೆ ಮೇಲೆ ಮಾಡಿಕೊಂಡು ಊಟದ ಮೇಜಿನ ಮೇಲೆ ಬಿದ್ದಿತ್ತು. ಅಕ್ಕ ಹಳೇ ಟೂತ್‌ಬ್ರಷ್ಷಿನಲ್ಲಿ ಫ್ಯಾನಿನಿಂದ ಕೆರೆದು ತೆಗೆದ ದೂಳು ಇಲಿಮರಿಯಷ್ಟು ದಪ್ಪಗೆ ಪೇಪರಿನ ಮೇಲೆ ಕುಳಿತಿತ್ತು.

"ಮಿಕ್ಸಿ ಬಿಚ್ಚಿದ್ರಿ, ಅದು ಅವತ್ತಿಂದ ಕಿರುಚೋದು ಬಿಟ್ಟು ಬೇರೇನೂ ಮಾಡಲ್ಲ," ಎಂದಳು ಅಮ್ಮ, ಅಡುಗೆಮನೆಯ ಬಾಗಿಲಲ್ಲಿ ನಿಂತು. "ಇನ್ನು ಇದರ ಗ್ರಹಚಾರ."

"ಅಮ್ಮ, ನೀನು ಒಳಗೆ ಹೋಗು. ನೀನು ನೋಡ್ತಾ ನಿಂತ್ರೆ ಇದು ಅರ್ಧ ಅಲ್ಲೇ ಕೆಡುತ್ತೆ," ಎಂದಳು ಅಕ್ಕ.

ಅದು ಅಕ್ಕ ಕಾಲೇಜಿಗೆ ಸೇರಿದಾಗ ಕೊಂಡ ಲ್ಯಾಪ್‌ಟಾಪು, ಅಂಗಡಿಯಲ್ಲಿದ್ದುದರಲ್ಲೆಲ್ಲ ಅಗ್ಗದ್ದು. ಅದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಲೆಕ್ಕ ಹಾಕುವ ಪ್ರೊಸೆಸರೇ ಬಿಡುವಾದಾಗ ಚಿತ್ರವನ್ನೂ ಬಿಡಿಸಬೇಕು. ಚಿತ್ರ ಬಿಡಿಸಲು ಬೇಕಾದ ಜಾಗಕ್ಕೂ ಇದ್ದೊಂದು ರ‍್ಯಾಮ್ ಪಟ್ಟಿಯ ಮುಂದೆಯೇ ಕೈಯೊಡ್ಡಬೇಕು. ಒಂದೇ ಬಾಗಿಲ ಮನೆಯಲ್ಲಿ ಮದುವೆ ಮಾಡಿದ ಹಾಗೆ ಎನ್ನುತ್ತಿದ್ದಳು ಅಕ್ಕ; ಒಳಗೆ ಬರುವವರೂ ಹೊರಗೆ ಹೋಗುವವರೂ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಅದರ ಜೋಡಿಗೆ ಅದೇ ವೇಗದ ಇನ್ನೊಂದು ಪಟ್ಟಿ ಹಾಕಿದರೆ ಬಾಗಿಲು ಎರಡಾಗುತ್ತವೆ. ಆಫೀಸಿನಲ್ಲಿ ಕೆಟ್ಟು ಮೂಲೆ ಸೇರಿದ್ದ ಲ್ಯಾಪ್‌ಟಾಪಿನಿಂದ ಆ ಇನ್ನೊಂದನ್ನು ಅಕ್ಕ ಕೇಳಿಕೊಂಡು ತಂದಿದ್ದಳು.

ಇಷ್ಟೆಲ್ಲ ಒದ್ದಾಟ ಸಿನಿಮಾ ನೋಡುವುದಕ್ಕಲ್ಲ. ಗುಬ್ಬಿ ಕ್ರೇನ್ ನಡೆಸಲು ಕಲಿಯುತ್ತಿದ್ದಳು.

ಅಪ್ಪ ಕೆಲಸ ಮಾಡುವ ಪೈಪ್ ಯಾರ್ಡಿನಲ್ಲಿ, ಕಂಬಿಗಳ ಮೇಲೆ ಓಡಾಡುವ ದೊಡ್ಡ ಕ್ರೇನೊಂದಿತ್ತು. ಅದರ ಕ್ಯಾಬಿನ್ನಿನಲ್ಲಿ ಬಹಳ ವರ್ಷ ಕೂತವನಿಗೆ ಎಲ್ಲರೂ ಹದ್ದಣ್ಣ ಎನ್ನುತ್ತಿದ್ದರು. ಈಗ ಹದ್ದಣ್ಣನ ಮಂಡಿಗಳು ಏಣಿಯ ಹೆಸರೆತ್ತಿದರೇ ಮುನಿಸಿಕೊಳ್ಳುತ್ತಿದ್ದವು. ಅವನ ಜಾಗಕ್ಕೆ ಕಲಿಯಲು ಬಂದ ಸಣ್ಣ ಮೈಕಟ್ಟಿನ ಹುಡುಗಿಗೆ, ಹದ್ದಿನ ಪಕ್ಕ ಕೂತಳೆಂಬ ಕಾರಣಕ್ಕೆ, ಗುಬ್ಬಿ ಎಂಬ ಹೆಸರು ಬಿತ್ತು. ಅದು ಯಾರ್ಡಿನಿಂದ ಅಪ್ಪನ ಬಾಯಲ್ಲಿ ಮನೆಗೂ ಬಂತು. ಕಂಪನಿಯವರು ಮನೆಯಲ್ಲಿ ಅಭ್ಯಾಸ ಮಾಡಲು ಕೈಯಲ್ಲಿ ಹಿಡಿದು ಆಡಿಸುವ ಎರಡು ಲಿವರ್‌ಗಳನ್ನೂ ಒಂದು ಪ್ರೋಗ್ರಾಮನ್ನೂ ಕೊಟ್ಟಿದ್ದರು. ಪರದೆಯ ಮೇಲೆ ಅದೇ ಕ್ರೇನು, ಅಂಥದ್ದೇ ಯಾರ್ಡು, ಪೈಪಿನ ಕಟ್ಟು, ಲಾರಿ, ಕೆಳಗೆ ಹಳದಿ ಹೆಲ್ಮೆಟ್ಟಿನ ಒಬ್ಬ ಮನುಷ್ಯ. ಪ್ರತಿ ಪಾಠದ ಅಂಕವೂ ತಾನಾಗಿ ಸೂಪರ್‌ವೈಸರನ ಕಂಪ್ಯೂಟರಿಗೆ ಹೋಗುತ್ತಿತ್ತು. ಗುಬ್ಬಿಯ ಅಂಕ ನೋಡಿ ಅವನು, "ಇವಳ ಕೈ ಕ್ರೇನಿಗೇ ಹುಟ್ಟಿದ್ದು," ಎಂದಿದ್ದನಂತೆ. ಅಪ್ಪ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ನಿಜವಾದ ಕ್ರೇನಿನಲ್ಲಿ ಅವಳು ಭಾರವಿಲ್ಲದ ಬರೀ ಕೊಕ್ಕೆಯನ್ನು ಮಾತ್ರ ಆಡಿಸಿದ್ದಳು. ಭಾರ ಎತ್ತುವುದು ನಾಳೆ ಬೆಳಿಗ್ಗೆ. ಅಷ್ಟರೊಳಗೆ ಕೊನೆಯ ಪಾಠ, ಗಾಳಿ ಬೀಸುವಾಗ ಭಾರ ಎತ್ತುವ ಪಾಠ, ಮುಗಿಸಬೇಕಿತ್ತು. ಆ ಪಾಠ ತೆರೆದರೆ ಚಿತ್ರ ಕುಂಟಿ, ಮುಗ್ಗರಿಸಿ, ಪ್ರೋಗ್ರಾಮೇ ಮುಚ್ಚಿಹೋಗುತ್ತಿತ್ತು. ಅದಕ್ಕೇ ಅಕ್ಕನಿಗೆ ರಜೆಯಿದ್ದ ಈ ಮಧ್ಯಾಹ್ನ ಸ್ಕ್ರೂಡ್ರೈವರು, ಬ್ರಷ್ಷು, ಬೈಗುಳ.

ಮುಚ್ಚಳ ಹಾಕಿ ಬಟನ್ ಒತ್ತಿದರು. ಫ್ಯಾನ್ ತಿರುಗಿತು. ಪರದೆ ಕಪ್ಪಗೇ ಇತ್ತು.

"ಅಕ್ಕಾ."

"ಸುಮ್ನಿರು."

"ಸತ್ತೋಯ್ತೇನೇ?"

"ಹೊಸ ಪಟ್ಟಿ ಸಿಕ್ಕಿದೆ, ಗುರುತು ಮಾಡ್ಕೊಳ್ತಿದೆ. ಸುಮ್ನಿರು ಅಂದ್ನಲ್ಲ." ಹಾಗೆಂದವಳ ಕೈ ತನ್ನ ಜಡೆಯ ತುದಿಯನ್ನು ಹಿಂಡುತ್ತಿತ್ತು.

ಕಪ್ಪು ಪರದೆಯಲ್ಲಿ ಇಬ್ಬರ ಮುಖವೂ ಬಾವಿಯೊಳಕ್ಕೆ ಬಗ್ಗಿ ನೋಡುವವರ ಮುಖದಂತೆ ಕಾಣುತ್ತಿತ್ತು. ಆಮೇಲೆ ಬೆಳಕಾಯಿತು. ಅಕ್ಕ ಉಸಿರು ಬಿಟ್ಟು, ಒಳಗಿನ ಸೆಟ್ಟಿಂಗ್ಸಿಗೆ ಹೋಗಿ ಗ್ರಾಫಿಕ್ಸಿಗೆ ಮೀಸಲಿಡುವ ಜಾಗವನ್ನು ಹೆಚ್ಚಿಸಿದಳು. ಹೊಸ ಡ್ರೈವರ್ ಸಾಫ್ಟ್‌ವೇರ್ ಹಾಕಿದಳು. ಬ್ಯಾಟರಿ ಉಳಿಸುವ ಆಯ್ಕೆಯನ್ನು ತೆಗೆದು ಚಾರ್ಜರ್ ಸಿಕ್ಕಿಸಿದಳು. ತಳಕ್ಕೆ ಗಾಳಿಯಾಡಲೆಂದು ಹಿಂಬದಿಗೆ ಎರಡು ಬಟ್ಟಲು ಬೋರಲು ಹಾಕಿ ಎತ್ತರಿಸಿದಳು. "ಅವು ನನ್ನ ಬಟ್ಟಲು," ಎಂದಿತು ಅಡುಗೆಮನೆ. 

"ಹೂಂ, ಕೂತ್ಕೋ ಈಗ. ಬೆಣ್ಣೆ ಥರ ಓಡುತ್ತೆ ನೋಡು."

ಓಡಿತು. ಗುಬ್ಬಿ ಬೆರಗಾಗಿ ನೋಡಿದಳು. ಯಾರ್ಡಿನ ನೆಲದ ಮೇಲೆ ಕೊಕ್ಕೆಯ ನೆರಳು ಬಿದ್ದಿತ್ತು. ಮೊದಲು ಅದು ಇರಲೇ ಇಲ್ಲ. ತಂತಿ ಹಗ್ಗಕ್ಕೆ ಎಳೆಗಳಿದ್ದವು. ಇಷ್ಟು ದಿನ ಹಳದಿ ಕಲೆಯಂತಿದ್ದ ಕೆಳಗಿನ ಮನುಷ್ಯನಿಗೆ ಹೆಲ್ಮೆಟ್ಟಿನಡಿ ಒಂದು ಮುಖ ಬಂದಿತ್ತು. ಅವನಿಗೆ ಮೀಸೆ ಇತ್ತು. ಅವನು ಆಗಾಗ ತಲೆಯೆತ್ತಿ ಮೇಲೆ ನೋಡುತ್ತಿದ್ದ.

ಗಾಳಿಯ ಪಾಠಕ್ಕೆ ಮೊದಲು ಕೈ ಸಡಿಲವಾಗಲೆಂದು ಅವಳು ಬಾಯಿಪಾಠವಾಗಿದ್ದ ಮೊದಲನೆಯ ಪಾಠವನ್ನೇ ತೆರೆದಳು. ಪೈಪಿನ ಕಟ್ಟನ್ನು ಎತ್ತಿ ಲಾರಿಯ ಮೇಲಿಡುವುದು. ಎತ್ತಿದಳು. ಟ್ರಾಲಿ ಓಡಿಸಿದಳು. ಕೊಕ್ಕೆಯನ್ನು ಹೊತ್ತ ಆ ಗಾಡಿ ತೊಲೆಯ ಮೇಲೆ ಓಡಿದಂತೆ ಕೆಳಗೆ ಕಟ್ಟು ತೂಗತೊಡಗಿತು. ತೂಗುವ ಭಾರವನ್ನು ಹಿಡಿಯುವ ಬಗೆ ಒಂದೇ: ಅದು ಮುಂದಕ್ಕೆ ಹೋಗಿ ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ಟ್ರಾಲಿಯನ್ನು ಅದರ ನೆತ್ತಿಯ ಮೇಲಕ್ಕೆ ಒಯ್ಯಬೇಕು, ಆಗ ಹಗ್ಗ ನೆಟ್ಟಗಾಗಿ ತೂಗಾಟ ಸಾಯುತ್ತದೆ. ಅದಕ್ಕಿಂತ ಮುಂಚೆ ಒಯ್ದರೆ ಉಯ್ಯಾಲೆಯನ್ನು ಬೆನ್ನ ಹಿಂದಿನಿಂದ ತಳ್ಳಿದಂತೆ.

ಗುಬ್ಬಿಯ ಕೈ ಹೊರಟಿತು. ತೂಗಾಟ ಸಾಯಲಿಲ್ಲ, ಬೆಳೆಯಿತು. ಅವಳು ತಡೆಯಲು ಹೋದಳು, ಇನ್ನೂ ಬೆಳೆಯಿತು. ಮೀಸೆಯ ಮನುಷ್ಯ ತಲೆಯೆತ್ತಿ ನೋಡಿದ. ಪೈಪಿನ ಕಟ್ಟು ಅವನನ್ನು ಲಾರಿಯ ಮಗ್ಗುಲಿಗೆ ಒತ್ತಿ, ಹಿಂದೆ ಸರಿದು, ಮತ್ತೆ ಬಂದು ಒತ್ತಿತು. ಪರದೆ ಕೆಂಪಾಯಿತು.

"ಅಯ್ಯೋ ದೇವ್ರೇ," ಎಂದು ಅಕ್ಕ ನಕ್ಕುಬಿಟ್ಟಳು. "ಪಾಪ, ಮೀಸೆ ಬಂದ ದಿನವೇ ಹೋದ."

ಗುಬ್ಬಿ ನಗಲಿಲ್ಲ. ಮತ್ತೆ ತೆರೆದಳು. ಮತ್ತೆ ಅವನನ್ನು ಕೊಂದಳು. ನಿಧಾನವಾಗಿ ಮಾಡಿದಳು, ಹಲ್ಲು ಕಚ್ಚಿ ಮಾಡಿದಳು, ಕಟ್ಟನ್ನು ನೆಲಕ್ಕೆ ಸವರಿದಂತೆ ಎತ್ತಿ ಮಾಡಿದಳು. ಒಮ್ಮೆ ಅವನು ಬದುಕಿದ, ಲಾರಿಯ ಕ್ಯಾಬಿನ್ ಜಜ್ಜಿಹೋಯಿತು. ಮತ್ತೊಮ್ಮೆ ಅವನು ಓಡಿದ, ಕಟ್ಟು ಹುಡುಕಿಕೊಂಡು ಹೋದಂತೆ ಅವನ ಬೆನ್ನಿಗೇ ಬಂತು.

"ಪಟ್ಟಿ ಏನೋ ಸರಿಯಾಗಿ ಕೂತಿಲ್ಲ ಕಣೇ," ಎಂದಳು ಗುಬ್ಬಿ. ಅವಳ ದನಿಯೇ ಬೇರೆಯಾಗಿತ್ತು.

"ಕೂರದಿದ್ರೆ ಇಷ್ಟು ಚೆನ್ನಾಗಿ ಓಡ್ತಿತ್ತಾ? ನೀನೇ ಯಾಕೋ ಇವತ್ತು ಕೆಟ್ಟಿದೀಯ."

"ತೆಗಿ ಅದನ್ನ."

"ಹುಚ್ಚಾ? ಈಗ ತಾನೇ..."

"ತೆಗಿಯಕ್ಕ. ಒಂದ್ಸಲ."

ಅಕ್ಕ ಗೊಣಗುತ್ತ ಮತ್ತೆ ಸ್ಕ್ರೂ ಬಿಚ್ಚಿ ಪಟ್ಟಿಯನ್ನು ಹೊರಗೆಳೆದಳು. ಪರದೆ ಹಳೆಯ ಕುಂಟು ನಡಿಗೆಗೆ ಮರಳಿತು. ಮನುಷ್ಯ ಮತ್ತೆ ಹಳದಿ ಕಲೆಯಾದ. ಗುಬ್ಬಿ ಲಿವರ್ ಹಿಡಿದಳು. ಕಟ್ಟು ಎದ್ದಿತು, ತೂಗಿತು, ಅವಳ ಕೈಯ ಒಂದೇ ತಿರುವಿಗೆ ಮಂತ್ರ ಹಾಕಿದಂತೆ ನಿಂತಿತು, ಲಾರಿಯ ಮೇಲೆ ಮಗುವನ್ನು ಮಲಗಿಸಿದ ಹಾಗೆ ಕೂತಿತು. ಅಂಕ ಬಂತು: ಎಂದಿನಂತೆ ಎಲ್ಲಕ್ಕಿಂತ ಮೇಲು.

ಅಕ್ಕನ ನಗು ಅಲ್ಲಿಗೆ ನಿಂತಿತು. ಲ್ಯಾಪ್‌ಟಾಪನ್ನೂ ತಂಗಿಯ ಕೈಯನ್ನೂ ನೋಡಿದಳು.

"ಚಿತ್ರ ಹಿಂದೆ ಬೀಳ್ತಿತ್ತು," ಎಂದಳು ಗುಬ್ಬಿ. "ನಾನು ಕೈ ಆಡಿಸಿದ್ದು ಇಲ್ಲಿ ತಡವಾಗಿ ಬರೋದು. ಅದಕ್ಕೆ ನಾನು ಮುಂಚೇನೇ ಆಡಿಸೋದು ಕಲ್ತಿದೀನಿ. ಕಟ್ಟು ತುದಿಗೆ ಬರೋಕೆ ಮುಂಚೆ. ನನಗೇ ಗೊತ್ತಿಲ್ಲದ ಹಾಗೆ. ಅಕ್ಕ, ನಾನು ಕಲ್ತಿದ್ದು ಕ್ರೇನಲ್ಲ. ಈ ಲ್ಯಾಪ್‌ಟಾಪು."

"ಹಾಗಾದ್ರೆ ಇದನ್ನೂ ಎತ್ಕೊಂಡು ಹೋಗಿ ಕ್ಯಾಬಿನ್ನಲ್ಲಿಟ್ಕೋ," ಎಂದಳು ಅಕ್ಕ. ತಮಾಷೆ ಅರ್ಧಕ್ಕೇ ಒಣಗಿತು. "ಸರಿ, ಪಟ್ಟಿ ಹಾಕ್ತೀನಿ. ಆಡಿ ಆಡಿ ಹೊಸದಾಗಿ ಕಲಿ. ಕೈ ತಾನೇ, ತಿದ್ದಿದ್ರೆ ತಿದ್ಕೊಳುತ್ತೆ."

ಕೈ ತಿದ್ದಿಕೊಳ್ಳಲಿಲ್ಲ. ಲೆಕ್ಕ ಹಾಕುತ್ತ, ಈಗ ಬೇಡ, ಈಗ ಬೇಡ, ಈಗ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಮಾಡಿದರೆ ಆಗುತ್ತಿತ್ತು. ಎಲ್ಲೋ ಒಂದು ಪಾತ್ರೆ ಬಿದ್ದರೆ, ಅಕ್ಕ ಸೀನಿದರೆ, ಮನಸ್ಸು ಎವೆಯಿಕ್ಕುವಷ್ಟು ಆಚೆ ಹೋದರೆ ಸಾಕು, ಕೈ ಅವಳನ್ನು ಬಿಟ್ಟು ಮುಂಚೆ ಹೊರಟುಬಿಡುತ್ತಿತ್ತು. ಅವಳು ಆ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಳೆಯ ಕೈಯೇ, ಉಗುರಿನಲ್ಲಿ ಲ್ಯಾಪ್‌ಟಾಪಿನ ದೂಳು. ಪಳಗಿದ ನಾಯಿ ಮಲಗಿದಂತೆ ತೊಡೆಯ ಮೇಲೆ ಮಲಗಿತ್ತು. ಮನೆಯಲ್ಲಿ ಸಾಕಿದ ನಾಯಿ ಮೊದಲ ಬಾರಿ ಹಲ್ಲು ತೋರಿಸಿದರೆ ಹೇಗೋ ಹಾಗೆ ಅವಳಿಗೆ ಬೆವರಿಳಿಯಿತು.

ಸಂಜೆ ಬಂದ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಅವನು ಕೈಕಾಲು ತೊಳೆದು ಬಂದು, ಟವೆಲು ಹೆಗಲಿಗೆ ಹಾಕಿಕೊಂಡು, ಪರದೆಯ ಮೇಲೆ ಮೀಸೆಯವನು ಸಾಯುವುದನ್ನು ಆಸಕ್ತಿಯಿಂದ ನೋಡಿದ. ಯಾರ್ಡಿನಲ್ಲಿ ಅಪ್ಪನ ಕೆಲಸವೇ ಅದು: ಪೈಪಿನ ಕಟ್ಟಿಗೆ ಹಗ್ಗ ಸುತ್ತಿ ಕೊಕ್ಕೆ ಹಾಕುವುದು, ಹೋಗುವ ಭಾರದ ಜೊತೆ ಕೆಳಗೆ ನಡೆಯುವುದು, ಲಾರಿಯ ಬಳಿ ನಿಂತು ಇಳಿಸಿಕೊಳ್ಳುವುದು.

"ಗೊಂಬೆ ಕಣೇ ಅದು," ಎಂದ. "ಮಂಕು ಗೊಂಬೆ. ಭಾರ ಬಂದ್ರೆ ಸರೀಬೇಕು ಅಂತಾನೂ ಗೊತ್ತಿಲ್ಲ. ನಾನೇನು ಹಾಗೆ ನಿಂತಿರ್ತೀನಾ?"

"ಓಡಿದ್ರೂ ಬಂದು ಹೊಡೀತಪ್ಪ."

"ನಿನಗೆ ದಿಗಿಲು, ಅಷ್ಟೇ. ಹದ್ದಣ್ಣನೂ ಮೊದಲ ದಿನ ಮೇಲಿಂದ ಇಳಿದು ವಾಂತಿ ಮಾಡ್ಕೊಂಡಿದ್ದ, ಕೇಳು ಬೇಕಾದ್ರೆ. ನಾಳೆ ಎಲ್ಲರೂ ನೋಡೋಕೆ ಬರ್ತಾರೆ. ನನ್ನ ಮಾನ ಕಳೀಬೇಡ ಗುಬ್ಬಿ." ಹೇಳಿ ಅವಳ ತಲೆಯ ಮೇಲೆ ಕೈಯಿಟ್ಟ. ಕಬ್ಬಿಣದ ವಾಸನೆಯ, ಅಗಲವಾದ, ಬಿಸಿ ಕೈ. 

ಬೆಳಿಗ್ಗೆ ಯಾರ್ಡಿನಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಹದ್ದಣ್ಣ ಏಣಿಯ ಬುಡದ ಬೆಂಚಿನಲ್ಲಿ, ಎರಡೂ ಮಂಡಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ. ಅವಳನ್ನು ನೋಡಿ, "ಬಾ ತಾಯಿ, ನನ್ನ ಗೂಡು ಇನ್ನು ನಿಂದು," ಎಂದ. ಗುಬ್ಬಿ ನೇರವಾಗಿ ಸೂಪರ್‌ವೈಸರನ ಬಳಿಗೆ ಹೋದಳು.

"ಸರ್, ಒಂದು ಮಾತು. ನಾನು ಮನೇಲಿ ತಪ್ಪು ಕಲ್ತಿದೀನಿ. ಲ್ಯಾಪ್‌ಟಾಪಲ್ಲಿ ಚಿತ್ರ ತಡವಾಗಿ ಬರ್ತಿತ್ತು. ನನ್ನ ಕೈ ಮುಂಚೆ ಹೋಗುತ್ತೆ."

"ನೋಡಿದೆ, ನಿನ್ನೆ ಸಂಜೆ ಅಂಕ ಪಾತಾಳಕ್ಕೆ ಇಳಿದಿದೆ," ಎಂದ ಅವನು, ಕಣ್ಣು ಲಾರಿಗಳ ಮೇಲೆಯೇ ಇಟ್ಟು. "ಪರೀಕ್ಷೆ ಹಿಂದಿನ ದಿನ ಎಲ್ಲಾ ಮರೆತುಹೋಗುತ್ತಲ್ಲ, ಅದೇ ಇದು. ಇಷ್ಟು ದಿನದ ಅಂಕ ನಿಂದು ತಾನೇ? ದೆವ್ವ ಬಂದು ಆಡಿಲ್ಲವಲ್ಲ?"

"ಆ ಅಂಕಾನೇ ಸುಳ್ಳು ಸರ್."

"ಲಾರಿಯವರ ಬೈಗುಳ ಮಾತ್ರ ನಿಜ. ಒಂದೇ ಒಂದು ಕಟ್ಟು ಎತ್ತಮ್ಮ. ಆಮೇಲೆ ಮಾತಾಡೋಣ."

ಅಪ್ಪ ದೂರದಿಂದ ಕೈಯೆತ್ತಿ ಏಣಿ ಹತ್ತು ಎಂದು ಸನ್ನೆ ಮಾಡುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಕೊಕ್ಕೆ ಹಾಕುವ ಕೆಲಸಕ್ಕೆ. ಆ ಅಂಗಿ ನೋಡಿ ಗುಬ್ಬಿ ಏಣಿ ಹತ್ತಿದಳು.

ಕ್ಯಾಬಿನ್ನಿನಲ್ಲಿ ಹದ್ದಣ್ಣನ ಎಣ್ಣೆಯ, ಬೆವರಿನ ವಾಸನೆ ಕೂತಿತ್ತು. ಕಾಲಡಿಯ ಗಾಜಿನಲ್ಲಿ ಯಾರ್ಡು ತಟ್ಟೆಯಂತೆ ಕಾಣುತ್ತಿತ್ತು. ಅಪ್ಪ ಒಂದು ಹೆಲ್ಮೆಟ್ಟು, ಎರಡು ಭುಜ. ಅವನು ಕೊಕ್ಕೆ ಹಾಕಿ, ಹಿಂದೆ ಸರಿದು, ಬೆರಳು ತಿರುಗಿಸಿ ಎತ್ತು ಎಂದ. ಎತ್ತಿದಳು. ತಂತಿ ಹಗ್ಗ ಬಿಗಿದು ಕ್ಯಾಬಿನ್ ಒಂದಿಷ್ಟು ಕೆಳಗೆ ಕುಸಿಯಿತು. ಇದು ಮನೆಯ ಪ್ರೋಗ್ರಾಮಿನಲ್ಲಿ ಇರಲಿಲ್ಲ. ಭಾರಕ್ಕೆ ಭಾರವಿತ್ತು. ಅದು ಕುರ್ಚಿಯ ಮೂಲಕ ಬೆನ್ನಿಗೆ ಬಂತು.

ಈಗ ಬೇಡ, ಎಂದುಕೊಂಡು ಟ್ರಾಲಿ ಓಡಿಸಿದಳು. ಈಗ ಬೇಡ. ಕಟ್ಟು ತೂಗಿತು. ಅಪ್ಪ ಅದರ ಜೊತೆ ನಡೆಯುತ್ತಿದ್ದ, ಕಟ್ಟಿಗೆ ಬಿಗಿದ ಹಗ್ಗದ ತುದಿ ಹಿಡಿದು, ದನ ಹೊಡೆದುಕೊಂಡು ಹೋಗುವವನ ಹಾಗೆ ನಿರಾಳ. ಈಗ ಬೇಡ. ಲಾರಿ ಹತ್ತಿರವಾಯಿತು. ಅಪ್ಪ ಲಾರಿಯ ಮಗ್ಗುಲಿಗೆ ಸರಿದು ತಲೆಯೆತ್ತಿ ಮೇಲೆ ನೋಡಿದ.

ಕೈ ಹೊರಟಿತು.

ತಂತಿ ಹಗ್ಗ ವಾರೆಯಾಯಿತು. ಕಟ್ಟು ತಳ್ಳಿಬಿಟ್ಟ ಉಯ್ಯಾಲೆಯಂತೆ ಹಿಂದಕ್ಕೆ ಹೋಯಿತು. ಅವಳು ತಡೆಯಲು ಹೋದಳು, ತಡೆಯಬಾರದಿತ್ತು, ಕೈ ಆಗಲೇ ತಡೆದಾಗಿತ್ತು, ಮುಂಚೆ, ಮತ್ತೆ ಮುಂಚೆ. ಪೈಪುಗಳ ಬಾಯಿಗಳೆಲ್ಲ ಒಟ್ಟಿಗೆ ಲಾರಿಯ ಕಡೆ ತಿರುಗಿದವು. ಯಾರೋ ಕೂಗಿದರು. ಅಪ್ಪ ಹಗ್ಗ ಬಿಟ್ಟ. ಬಲಕ್ಕೆ ಓಡಲು ನೋಡಿದ, ಎಡಕ್ಕೆ ನೋಡಿದ. ಗುಬ್ಬಿ ಲಿವರ್‌ಗಳಿಂದ ಎರಡೂ ಕೈಯನ್ನು ಕಿತ್ತುಕೊಂಡು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕೂತುಬಿಟ್ಟಳು. ಕಣ್ಣು ಮುಚ್ಚಬೇಕೆಂದರೂ ಮುಚ್ಚಲಿಲ್ಲ. ಕಟ್ಟು ಹೋಯಿತು. ಲಾರಿಯ ಮಗ್ಗುಲಿಗೆ ಬಡಿದ ಸದ್ದು ಕ್ಯಾಬಿನ್ನಿನ ಗಾಜಿಗೆ ಬಂತು. ಹಿಂದೆ ಬಂತು. ಹೋಯಿತು. ಮುಟ್ಟುವವರಿಲ್ಲದೆ, ಹಟ ಮಾಡಿ ದಣಿದ ಮಗುವಿನಂತೆ, ನಿಧಾನವಾಗಿ ಸುಮ್ಮನಾಯಿತು.

ಅಪ್ಪ ಕಾಣಲಿಲ್ಲ. ಹೆಲ್ಮೆಟ್ಟು ಮಾತ್ರ ನೆಲದ ಮೇಲೆ ಉರುಳುತ್ತಿತ್ತು.

ಆಮೇಲೆ ಲಾರಿಯ ಚಕ್ರಗಳ ನಡುವಿನಿಂದ ಒಂದು ತೋಳು ಬಂತು, ಇಸ್ತ್ರಿಯ ಅಂಗಿಯ ತೋಳು, ಗ್ರೀಸ್ ಬಳಿದುಕೊಂಡು. ಅದರ ಹಿಂದೆ ಅಪ್ಪ. ಅವನು ಎದ್ದು ನಿಂತು, ಮೇಲೆ ನೋಡಿ, ಏನೂ ಆಗಿಲ್ಲ ಎಂದು ಕೈಯಾಡಿಸಿದ.

ಕಟ್ಟನ್ನು ನೇರ ಕೆಳಗೆ ನೆಲಕ್ಕಿಳಿಸಿ ಗುಬ್ಬಿ ಏಣಿಯಿಂದ ಇಳಿದಳು.  ಹದ್ದಣ್ಣ ಬೆಂಚು ಬಿಟ್ಟು ನಿಂತಿದ್ದ. ಅಪ್ಪ ನಗುತ್ತ ಬಂದ. 

"ನೋಡಿದ್ಯಾ? ಹೇಳಿರ್ಲಿಲ್ವಾ, ಸರೀತೀನಿ ಅಂತ? ಮೊದಲ ದಿನ, ಆಗುತ್ತೆ. ಅಂಗಿ ಹೋಯ್ತು, ನಿಮ್ಮಮ್ಮ ಬಿಡಲ್ಲ ನನ್ನ, ಅಷ್ಟೇ."

ಅವಳು ಅವನ ಎದೆ ಮುಟ್ಟಿ ನೋಡಿದಳು, ಪಕ್ಕೆ ಮುಟ್ಟಿ ನೋಡಿದಳು. "ಬಿಡೇ, ಎಲ್ಲರೂ ನೋಡ್ತಿದಾರೆ," ಎಂದು ಅವನು ಗದರಿದ. ಅಂಗಿಯೊಳಗೆ ಅವನ ಹೃದಯ ಬೀದಿಯ ಮಕ್ಕಳಂತೆ ಓಡುತ್ತಿತ್ತು.

ಸೂಪರ್‌ವೈಸರ್ ಬಂದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ದನಿ ಇಳಿಸಿ ಹತ್ತಿರ ನಿಂತ.

"ನಂದೇ ತಪ್ಪು ಕಣಮ್ಮ. ಹೆತ್ತ ಅಪ್ಪನ್ನ ಕೆಳಗೆ ನಿಲ್ಲಿಸಿ ಮಗಳ ಕೈಗೆ ಲಿವರ್ ಕೊಟ್ರೆ ಯಾರ ಕೈ ನಡುಗಲ್ಲ? ಅವರನ್ನ ಇವತ್ತಿಂದ ಗೋಡೌನಿಗೆ ಹಾಕ್ತೀನಿ, ನೆರಳಲ್ಲಿ ಕೆಲಸ. ಇಲ್ಲಿ ಬೇರೆಯವನನ್ನ ನಿಲ್ಲಿಸ್ತೀನಿ. ನಿನಗೆ ಕಾಯಂ ಜಾಗ, ಇವತ್ತೇ ಬರೆದುಕೊಡ್ತೀನಿ. ಆಗ ಅಂಜಿಕೆ ಇರಲ್ಲ, ಅಲ್ವಾ?"

"ಹೂಂ ಅನ್ನು," ಎಂದ ಅಪ್ಪ ಮೆಲ್ಲಗೆ. "ಗೋಡೌನು ಒಳ್ಳೇದೇ. ನನಗೂ ವಯಸ್ಸಾಯ್ತಲ್ಲ."

ಲಾರಿಯ ಪಕ್ಕದಲ್ಲಿ ಆ ಬೇರೆಯವನು ಆಗಲೇ ಬಂದು ನಿಂತಿದ್ದ. ಗುಬ್ಬಿಗೆ ಅವನ ಪರಿಚಯವಿರಲಿಲ್ಲ. ಒಂದು ಕೈಗೆ ಗ್ಲೌಸ್ ಹಾಕಿಕೊಂಡು, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಎಳೆದುಕೊಳ್ಳುತ್ತ, ಲಾರಿಯ ಡ್ರೈವರನ ಜೊತೆ ಏನೋ ಹೇಳಿ ನಗುತ್ತಿದ್ದ.

"ಹತ್ತಮ್ಮ," ಎಂದ ಸೂಪರ್‌ವೈಸರ್. "ಹೊತ್ತಾಯ್ತು."

"ಇಲ್ಲ ಸರ್," ಎಂದಳು ಗುಬ್ಬಿ. "ನಾನು ಹತ್ತಲ್ಲ."